ಸುಟ್ಟದ್ದು ಯಾವುದು, ಸುಟ್ಟದ್ದೇಕೆ? ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಕುರಿತು



ಮನೆಯ ಯಾವ ವಿದ್ಯುತ್ ಉಪಕರಣ ಕೆಟ್ಟರೂ ನಾವು ಹೇಳುವ ಮಾತು ಒಂದೇ: ‘ಸುಟ್ಟು ಹೋಯಿತು.’ ಮಿಕ್ಸಿ ನಿಂತರೂ ಅಷ್ಟೆ, ಟಿ.ವಿ. ಕತ್ತಲಾದರೂ ಅಷ್ಟೆ. ರಿಪೇರಿ ಅಂಗಡಿಯವರೂ ಅದೇ ಮಾತನ್ನು ನಮಗೆ ತಿರುಗಿ ಹೇಳುತ್ತಾರೆ: ‘ಕಂಡೆನ್ಸರ್ ಸುಟ್ಟಿತ್ತು ಸಾರ್, ಬದಲಾಯಿಸಿದ್ದೇನೆ.’ ನಾವು ದುಡ್ಡು ಕೊಟ್ಟು ಮನೆಗೆ ಬರುತ್ತೇವೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಉಪಕರಣ, ಅದೇ ಅಂಗಡಿ, ಅದೇ ಮಾತು. ಸುಟ್ಟದ್ದು ಯಾವುದು ಎಂದು ಕೇಳುವವರು ಬಹಳ ಮಂದಿ. ಅದು ಏಕೆ ಸುಟ್ಟಿತು ಎಂದು ಕೇಳುವವರು ಕಡಿಮೆ. ಇವತ್ತಿನ ನನ್ನ ಮಾತು ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ನಾನು ದುರಸ್ತಿಯನ್ನು ವೃತ್ತಿಯಾಗಿ ಮಾಡುವವನಲ್ಲ. ಬಿ.ಎಸ್‌ಸಿ. ಮುಗಿಸಿ ಟೆಲಿವಿಷನ್ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವನು. ಆದರೆ ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಕ್ಯಾಮರಾ ಇರಲಿ, ಸಂಕಲನ ಯಂತ್ರವಿರಲಿ, ಕಂಪ್ಯೂಟರ್ ಇರಲಿ, ವಯಸ್ಸಾದ ಮೇಲೆ ಬಹಳ ಸಲ ಮೊದಲು ಕೈಕೊಡುವುದು ಅದಕ್ಕೆ ವಿದ್ಯುತ್ತನ್ನು ಉಣಿಸುವ ಭಾಗ, ಅಂದರೆ ಪವರ್ ಸಪ್ಲೈ. ನಮ್ಮ ಎಂಜಿನಿಯರುಗಳ ಮೇಜಿನ ಪಕ್ಕದಲ್ಲಿ ನಿಂತು, ನೋಡಿ, ಕೇಳಿ ತಿಳಿದುಕೊಂಡ ಕೆಲವು ವಿಷಯಗಳನ್ನು ಒಂದು ಹಳೆಯ ಕಂಪ್ಯೂಟರಿನ ಉದಾಹರಣೆಯೊಡನೆ ನಿಮ್ಮ ಮುಂದಿಡುತ್ತೇನೆ.

ಆ ಕಂಪ್ಯೂಟರಿನ ಹೆಸರು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಕಂಪ್ಯೂಟರ್ಸ್ ಸಂಸ್ಥೆ 1981ರ ಡಿಸೆಂಬರಿನಲ್ಲಿ ಇದನ್ನು ಹೊರತಂದಿತು. ಇದರ ಹುಟ್ಟಿಗೂ ಟೆಲಿವಿಷನ್ನಿಗೂ ನೇರ ಸಂಬಂಧವಿದೆ. ಜನಸಾಮಾನ್ಯರಿಗೆ ಕಂಪ್ಯೂಟರನ್ನು ಪರಿಚಯಿಸಲು ಬಿಬಿಸಿ 1982ರ ಜನವರಿಯಲ್ಲಿ ‘ದಿ ಕಂಪ್ಯೂಟರ್ ಪ್ರೋಗ್ರಾಂ’ ಎಂಬ ಸರಣಿಯನ್ನು ಪ್ರಸಾರ ಮಾಡಿತು. ಸರಣಿ ನೋಡುವವರು ಮನೆಯಲ್ಲಿ, ಶಾಲೆಯಲ್ಲಿ ಕೈಯಾರೆ ಕಲಿಯಲೆಂದು ಈ ಯಂತ್ರ ಬಂತು. 6502 ಎಂಬ ಸಂಸ್ಕಾರಕ, 32 ಕಿಲೋಬೈಟ್ ನೆನಪು, ಇಷ್ಟೇ ಅದರ ಬಂಡವಾಳ. ಭಾರತಕ್ಕೂ ಅದು ಬಂದಿತ್ತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಹೆಸರಿನ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯನ್ನು ಆರಂಭಿಸಿದಾಗ ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಹೋದದ್ದು ಇದೇ ಬಿಬಿಸಿ ಮೈಕ್ರೋ. ಆ ಕಾಲದ ಎಷ್ಟೋ ಮಕ್ಕಳು ಮೊಟ್ಟಮೊದಲು ಮುಟ್ಟಿದ ಕಂಪ್ಯೂಟರ್ ಅದು.

ನನಗೆ ಪರಿಚಯದ ನಿವೃತ್ತ ಗಣಿತ ಮೇಷ್ಟರೊಬ್ಬರ ಮನೆಯ ಅಟ್ಟದಲ್ಲಿ ಅಂಥದೊಂದು ಯಂತ್ರವಿತ್ತು. ಶಾಲೆ ಹಳೆಯ ಸಾಮಾನುಗಳನ್ನು ವಿಲೇವಾರಿ ಮಾಡಿದಾಗ ಅವರು ಹರಾಜಿನಲ್ಲಿ ಕೊಂಡದ್ದು. ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಆಡಿಯೋ ಕ್ಯಾಸೆಟ್ಟುಗಳು. ಬಿಬಿಸಿ ಮೈಕ್ರೋದಲ್ಲಿ ಸಾಮಾನ್ಯ ಟೇಪ್ ರೆಕಾರ್ಡರಿನ ಮೂಲಕ ಕ್ಯಾಸೆಟ್ಟಿಗೇ ಪ್ರೋಗ್ರಾಮುಗಳನ್ನು ತುಂಬಿಡಬಹುದಿತ್ತು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೆ ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು ಚುಕ್ಕೆಗಳ ಮನೆಯಲ್ಲಿ ನಮಗೆ ಬೇಕಾದ ಆಕಾರವನ್ನು ಬರೆದುಕೊಳ್ಳುವ ಅನುಕೂಲವಿತ್ತು. ಸಹಜವಾಗಿ ದೊರೆಯುತ್ತಿದ್ದ ಮನೆಗಳು 32. ಮೇಷ್ಟರು ಗ್ರಾಫ್ ಕಾಗದದ ಮೇಲೆ ಕನ್ನಡ ಅಕ್ಷರಗಳನ್ನು ಚುಕ್ಕೆ ಚುಕ್ಕೆಯಾಗಿ ಬರೆದು, ಲೆಕ್ಕ ಹಾಕಿ, ಮಕ್ಕಳಿಗೆ ಮಗ್ಗಿ ಕಲಿಸುವ ಪ್ರೋಗ್ರಾಮನ್ನು ಕನ್ನಡದಲ್ಲೇ ಮಾಡಿದ್ದರಂತೆ. ಕಾಗದಗಳು ಗೆದ್ದಲಿನ ಪಾಲಾಗಿದ್ದವು. ಉಳಿದದ್ದು ಕ್ಯಾಸೆಟ್ಟು ಮಾತ್ರ, ಅದನ್ನು ಓದಬೇಕಾದದ್ದು ಆ ಯಂತ್ರ.

ಅದನ್ನು ನಮ್ಮ ಎಂಜಿನಿಯರ್ ಮಿತ್ರರೊಬ್ಬರ ಬಳಿ ತಂದಾಗ ಮೇಷ್ಟರ ಮೊದಲ ಮಾತು: ‘ಒಂದು ಸಲ ಪ್ಲಗ್ ಹಾಕಿ ನೋಡೋಣವೇನಪ್ಪಾ?’ ಮಿತ್ರರು ಕೈ ಅಡ್ಡ ಹಿಡಿದು, ‘ಬೇಡಿ ಮೇಷ್ಟ್ರೇ, ಆ ಒಂದು ಸಲವೇ ಅಪಾಯ’ ಎಂದರು. ಏಕೆಂದು ತಿಳಿಯಬೇಕಾದರೆ ಪವರ್ ಸಪ್ಲೈ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟಿನ ಎ.ಸಿ., ಸೆಕೆಂಡಿಗೆ 50 ಆವರ್ತ. ಕಂಪ್ಯೂಟರಿನ ಚಿಪ್ಪುಗಳಿಗೆ ಬೇಕಾದದ್ದು 5 ವೋಲ್ಟಿನ, ಅಲುಗಾಡದ ಡಿ.ಸಿ. ಹಳೆಯ ಪದ್ಧತಿಯಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜನ್ನು ಇಳಿಸಿ, ಬೇಕಾದದ್ದಕ್ಕಿಂತ ಹೆಚ್ಚಾಗಿ ಉಳಿದುದನ್ನು ಶಾಖವಾಗಿ ಚೆಲ್ಲುತ್ತಿದ್ದರು. ಇದಕ್ಕೆ ಲೀನಿಯರ್ ಪದ್ಧತಿ ಎಂದು ಹೆಸರು. ಬಿಬಿಸಿ ಮೈಕ್ರೋದ ಮೊದಮೊದಲ ಯಂತ್ರಗಳಲ್ಲಿ ಇಂಥದೇ ಪವರ್ ಸಪ್ಲೈ ಇತ್ತು. ಅದು ಬಹಳ ಕಾಯುತ್ತಿದ್ದುದರಿಂದ ಬೇಗನೆ ಅದನ್ನು ಬಿಟ್ಟು ಸ್ವಿಚಿಂಗ್ ಪದ್ಧತಿಗೆ ಹೋದರು. ಅದಕ್ಕೂ ಮುಂಚೆ, 1977ರ ಆಪಲ್-2 ಕಂಪ್ಯೂಟರಿನಲ್ಲಿ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಇದೇ ಸ್ವಿಚಿಂಗ್ ಪದ್ಧತಿಯನ್ನು ಬಳಸಿದ್ದರು.

ಸ್ವಿಚಿಂಗ್ ಎಂದರೇನು? ತೊಟ್ಟಿ ತುಂಬಿಸಲು ದೊಡ್ಡ ಕೊಡವನ್ನು ನಿಧಾನವಾಗಿ ಹೊತ್ತು ತರಬಹುದು. ಇಲ್ಲವೇ ಒಂದು ಸಣ್ಣ ಚೊಂಬಿನಲ್ಲಿ ಸರಸರನೆ ನೂರಾರು ಸಲ ಮೊಗೆದು ಸುರಿಯಬಹುದು. ಸ್ವಿಚಿಂಗ್ ಪವರ್ ಸಪ್ಲೈ ಚೊಂಬಿನ ದಾರಿ ಹಿಡಿಯುತ್ತದೆ. ಅದು 230 ವೋಲ್ಟಿನ ಎ.ಸಿ.ಯನ್ನು ನೇರವಾಗಿ ಡಿ.ಸಿ. ಮಾಡಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ಶೇಖರಿಸುತ್ತದೆ. ಪುಸ್ತಕಗಳಲ್ಲಿ ಧಾರಕ, ಅಂಗಡಿಗಳಲ್ಲಿ ಕಂಡೆನ್ಸರ್ ಎಂದು ಕರೆಯುವುದು ಇದನ್ನೇ. ಅಲ್ಲಿನ ವೋಲ್ಟೇಜು 230 ಅಲ್ಲ, ಎ.ಸಿ. ಅಲೆಯ ತುದಿಯ ಬೆಲೆ, ಸುಮಾರು 325. ಆಮೇಲೆ ಒಂದು ಟ್ರಾನ್ಸಿಸ್ಟರ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆ ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಸಣ್ಣ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಆಚೆ ಬದಿಯಲ್ಲಿ 5 ವೋಲ್ಟು, 12 ವೋಲ್ಟು ಸಿಗುತ್ತವೆ. 5 ವೋಲ್ಟು ಕಡಿಮೆಯಾಯಿತೆ, ಹೆಚ್ಚಾಯಿತೆ ಎಂದು ಒಂದು ಕಾವಲು ಮಂಡಲ ಸದಾ ನೋಡುತ್ತ ಕತ್ತರಿಸುವ ವೇಳೆಯನ್ನು ಸರಿಪಡಿಸುತ್ತಿರುತ್ತದೆ.

ಮಿತ್ರರ ಆತಂಕ ಇದ್ದದ್ದು ಇಲ್ಲಿಯೇ. ಕಾವಲು ಮಂಡಲದ ಒಂದು ಭಾಗ ಕೆಟ್ಟಿದ್ದರೆ 5 ವೋಲ್ಟು 5 ಆಗಿಯೇ ಉಳಿಯುತ್ತದೆಂಬ ಭರವಸೆ ಇಲ್ಲ. ಆ ಕಾಲದ ಚಿಪ್ಪುಗಳು ಹೆಚ್ಚೆಂದರೆ 7 ವೋಲ್ಟನ್ನು ತಾಳುತ್ತವೆ. ಬಿಬಿಸಿ ಮೈಕ್ರೋದ ಚಿತ್ರವನ್ನು ರೂಪಿಸುವ, ಕ್ಯಾಸೆಟ್ಟನ್ನು ಓದುವ ಚಿಪ್ಪುಗಳು ಆ ಯಂತ್ರಕ್ಕೆಂದೇ ಮಾಡಿಸಿದವು, ಈಗ ಯಾರೂ ತಯಾರಿಸುವುದಿಲ್ಲ. ಪವರ್ ಸಪ್ಲೈಯಲ್ಲಿ ಕೆಡುವ ಭಾಗ ಹತ್ತಿಪ್ಪತ್ತು ರೂಪಾಯಿಯದು. ಅದು ಕೆಟ್ಟ ಹೊತ್ತಿನಲ್ಲಿ ಹಾಳುಮಾಡಬಹುದಾದ ಚಿಪ್ಪನ್ನು ಹೊಸದಾಗಿ ಕೊಳ್ಳುವಂತಿಲ್ಲ. ಆದ್ದರಿಂದ ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಮೊದಲ ನಿಯಮ: ಪವರ್ ಸಪ್ಲೈಯನ್ನು ಯಂತ್ರದಿಂದ ಬೇರ್ಪಡಿಸಿ, ಅದನ್ನು ಒಂಟಿಯಾಗಿ ಪರೀಕ್ಷಿಸಿ, ನಂಬಿಕೆ ಬಂದ ಮೇಲೆಯೇ ಯಂತ್ರಕ್ಕೆ ಜೋಡಿಸಬೇಕು.

ಎರಡನೆಯ ನಿಯಮ ಪ್ರಾಣಕ್ಕೆ ಸಂಬಂಧಿಸಿದ್ದು. ಪ್ಲಗ್ ಕಿತ್ತ ಮಾತ್ರಕ್ಕೆ ಪವರ್ ಸಪ್ಲೈ ನಿರ್ಜೀವವಾಗುವುದಿಲ್ಲ. ನಾನು ಹೇಳಿದ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟು ಹಾಗೆಯೇ ಕುಳಿತಿರಬಹುದು. ವಿಚಿತ್ರವೆಂದರೆ, ಕೆಟ್ಟ ಪವರ್ ಸಪ್ಲೈಯಲ್ಲಿ ಅಪಾಯ ಹೆಚ್ಚು. ಸರಿಯಾಗಿದ್ದರೆ ಅದು ತಾನೇ ಆ ವಿದ್ಯುತ್ತನ್ನು ಬಳಸಿ ಖಾಲಿ ಮಾಡುತ್ತದೆ. ಕೆಟ್ಟಿದ್ದರೆ ಖಾಲಿ ಮಾಡುವವರಿಲ್ಲ. ಕೆಲವರು ಸ್ಕ್ರೂಡ್ರೈವರಿನಿಂದ ಎರಡು ಕಾಲುಗಳನ್ನು ಮುಟ್ಟಿಸಿ ‘ಚಟ್’ ಎನಿಸುತ್ತಾರೆ. ಅದು ಕಣ್ಣಿಗೂ ಕೆಟ್ಟದ್ದು, ಕೆಪಾಸಿಟರಿಗೂ ಕೆಟ್ಟದ್ದು. ಎರಡು ಸಾವಿರ ಓಮಿನ ಆಸುಪಾಸಿನ, 5 ವ್ಯಾಟಿನ ಒಂದು ರೆಸಿಸ್ಟರನ್ನು ಚೆನ್ನಾಗಿ ಹೊದಿಕೆಯಿರುವ ತಂತಿಗಳ ತುದಿಗೆ ಕಟ್ಟಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ವಿದ್ಯುತ್ ಸದ್ದಿಲ್ಲದೆ ಇಳಿಯುತ್ತದೆ. ಆಮೇಲೂ ಮೀಟರ್ ಇಟ್ಟು ಅಳೆದು, ಸೊನ್ನೆಯ ಹತ್ತಿರ ಬಂದಿದೆ ಎಂದು ಕಂಡ ಮೇಲೆ ಕೈ ಹಾಕಬೇಕು. ಈ ಕೆಲಸ ಅಭ್ಯಾಸವಿಲ್ಲದವರಿಗಲ್ಲ. ಮೀಟರ್ ಹಿಡಿಯಲು ಬಾರದವರು ಮುಚ್ಚಳ ತೆರೆಯಬಾರದು ಎಂದು ನೇರವಾಗಿಯೇ ಹೇಳುತ್ತೇನೆ.

ಇನ್ನು ಶಾಖದ ವಿಷಯಕ್ಕೆ ಬರೋಣ. ಬಿಬಿಸಿ ಮೈಕ್ರೋದ ಪವರ್ ಸಪ್ಲೈ 5 ವೋಲ್ಟಿನಲ್ಲಿ 3.75 ಆಂಪಿಯರ್, 12 ವೋಲ್ಟಿನಲ್ಲಿ 1.25 ಆಂಪಿಯರ್ ಕೊಡಬಲ್ಲದು. ಒಟ್ಟು ಸುಮಾರು 34 ವ್ಯಾಟ್. ಅದರ ದಕ್ಷತೆ ನೂರಕ್ಕೆ ಎಪ್ಪತ್ತು ಎಂದು ಹಿಡಿದರೆ, ಪೂರ್ತಿ ಹೊರೆಯಲ್ಲಿ ಸುಮಾರು 15 ವ್ಯಾಟ್ ಶಾಖ ಆ ಪುಟ್ಟ ಲೋಹದ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಅದಕ್ಕೆ ಫ್ಯಾನ್ ಇಲ್ಲ. ಬೇಸಿಗೆಯ ಮಧ್ಯಾಹ್ನ ರಾಯಚೂರಿನಲ್ಲೋ ಕಲಬುರ್ಗಿಯಲ್ಲೋ ಕೋಣೆಯ ಉಷ್ಣತೆಯೇ 40 ಡಿಗ್ರಿ ಇದ್ದರೆ, ಪೆಟ್ಟಿಗೆಯೊಳಗೆ ಎಷ್ಟಿರಬಹುದು, ನೀವೇ ಊಹಿಸಿ.

ಶಾಖವನ್ನು ತಾಳಲಾರದ ಮೊದಲ ಭಾಗವೆಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಸಣ್ಣ ಅಲ್ಯೂಮಿನಿಯಂ ಡಬ್ಬಿಯಂತೆ ಕಾಣುವ ಇದರೊಳಗೆ ಒಂದು ದ್ರವದಲ್ಲಿ ನೆನೆದ ಕಾಗದ ಸುರುಳಿಯಾಗಿ ಸುತ್ತಿರುತ್ತದೆ. ದ್ರವ ಇರುವಷ್ಟು ದಿನ ಅದಕ್ಕೆ ಜೀವ. ಬಿಸಿ ತಗುಲಿದಂತೆಲ್ಲ ಅದು ರಬ್ಬರ್ ಬಿರಡೆಯ ಸಂದಿನಿಂದ ನಿಧಾನವಾಗಿ ಆರಿ ಹೋಗುತ್ತದೆ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಹೇಗೆ ಏರುತ್ತದೆ ಎಂಬುದಕ್ಕೆ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಒಂದು ಸೂತ್ರ ಕೊಟ್ಟರು. ಅದರಿಂದ ಎಂಜಿನಿಯರುಗಳು ಮಾಡಿಕೊಂಡಿರುವ ಕೈಲೆಕ್ಕ ಸುಲಭವಾದದ್ದು: 10 ಡಿಗ್ರಿ ಬಿಸಿ ಹೆಚ್ಚಾದರೆ ಕೆಪಾಸಿಟರಿನ ಆಯುಸ್ಸು ಅರ್ಧ, 10 ಡಿಗ್ರಿ ಕಡಿಮೆಯಾದರೆ ಆಯುಸ್ಸು ಎರಡರಷ್ಟು.

ಒಂದು ಲೆಕ್ಕ ಮಾಡಿ ನೋಡಿ. 85 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್ 75 ಡಿಗ್ರಿಯಲ್ಲಿ 4000 ಗಂಟೆ, 65 ಡಿಗ್ರಿಯಲ್ಲಿ 8000 ಗಂಟೆ ಬಾಳೀತು. ಶಾಲೆಯಲ್ಲಿ ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 200 ದಿನ ಯಂತ್ರ ನಡೆಸಿದರೆ ವರ್ಷಕ್ಕೆ 800 ಗಂಟೆ. ಅಂದರೆ 65 ಡಿಗ್ರಿಯ ಜಾಗದಲ್ಲಿರುವ ಕೆಪಾಸಿಟರಿಗೆ ಹತ್ತು ವರ್ಷ ಆಯುಸ್ಸು. ಅದೇ ಕೆಪಾಸಿಟರನ್ನು ಒಂದು ಅಂಗುಲ ಆಚೆ, 85 ಡಿಗ್ರಿಯ ಜಾಗದಲ್ಲಿಟ್ಟರೆ ಎರಡೂವರೆ ವರ್ಷ! ಭಾಗ ಅದೇ, ತಯಾರಿಕೆ ಅದೇ. ಬದಲಾದದ್ದು ಅದರ ನೆರೆಹೊರೆ ಮಾತ್ರ.

ಮೇಷ್ಟರ ಯಂತ್ರದ ಪೆಟ್ಟಿಗೆ ತೆರೆದಾಗ ಕಂಡದ್ದು ಈ ಲೆಕ್ಕವನ್ನೇ. ಬೋರ್ಡಿನ ಒಂದು ಮೂಲೆ ದೋಸೆ ಸೀದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಆ ಕಂದಿನ ನಡುವೆ ಒಂದು ರೆಸಿಸ್ಟರ್, ಅದಕ್ಕೆ ತಾಗಿಕೊಂಡಂತೆ ಒಂದು ಪುಟ್ಟ ಕೆಪಾಸಿಟರ್. ಬೋರ್ಡಿನ ಮಿಕ್ಕ ಭಾಗಗಳೆಲ್ಲ ಒಂದೇ ಕಾಲದವು. ಈ ಪುಟ್ಟ ಕೆಪಾಸಿಟರ್ ಮಾತ್ರ ಬೇರೆ ತಯಾರಿಕೆಯದು, ಕೈಯಲ್ಲಿ ಬೆಸುಗೆ ಹಾಕಿದ ಗುರುತು ಸ್ಪಷ್ಟವಾಗಿತ್ತು. ಅಂದರೆ ಯಾರೋ ಹಿಂದೊಮ್ಮೆ ಅದನ್ನು ಬದಲಾಯಿಸಿದ್ದರು. ಮೇಷ್ಟರು ನೆನಪಿಸಿಕೊಂಡು ಹೇಳಿದರು: ‘ಹೌದು, ಶಾಲೆಯಲ್ಲಿದ್ದಾಗ ಎರಡು ಸಲ ರಿಪೇರಿಗೆ ಹೋಗಿತ್ತು. ಎರಡು ಸಲವೂ ಕಂಡೆನ್ಸರ್ ಎಂದೇ ಬಿಲ್ಲು ಬಂತು.’ ಮೀಟರಿನಲ್ಲಿ ಅಳೆದಾಗ ಅದು ಮತ್ತೆ ಒಣಗಿ ಹೋಗಿತ್ತು. ಒಲೆಯ ಪಕ್ಕದಲ್ಲಿ ಹಾಲಿನ ಪಾತ್ರೆಯನ್ನಿಟ್ಟು, ಹಾಲು ಒಡೆದಾಗಲೆಲ್ಲ ಹಾಲಿನವನನ್ನು ಬದಲಾಯಿಸಿದ ಹಾಗಾಗಿತ್ತು ಕಥೆ.

ಒಲೆ ಯಾವುದೆಂದರೆ, ಪಕ್ಕದ ಆ ರೆಸಿಸ್ಟರ್. ಪವರ್ ಸಪ್ಲೈ ಎಚ್ಚರಗೊಳ್ಳಲು ಬೇಕಾದ ಮೊದಲ ಹನಿ ವಿದ್ಯುತ್ತನ್ನು 325 ವೋಲ್ಟಿನ ಕಡೆಯಿಂದ ತರುವುದು ಇಂಥ ರೆಸಿಸ್ಟರುಗಳ ಕೆಲಸ. ಉದಾಹರಣೆಗೆ ಒಂದು ಲಕ್ಷ ಓಮಿನ ರೆಸಿಸ್ಟರಿನ ಎರಡು ತುದಿಗೆ 325 ವೋಲ್ಟು ಬಿದ್ದರೆ ಅದು ಒಂದು ವ್ಯಾಟಿಗಿಂತ ಸ್ವಲ್ಪ ಹೆಚ್ಚು ಶಾಖವನ್ನು ಬಿಡುತ್ತದೆ. ಒಂದು ವ್ಯಾಟ್ ಏನು ಮಹಾ ಎನ್ನಬೇಡಿ. ಕಾಳಿನಷ್ಟು ದೊಡ್ಡ ವಸ್ತುವಿನಿಂದ ಒಂದು ವ್ಯಾಟ್ ಬಿಡುವಿಲ್ಲದೆ ಬಂದರೆ ಬೆರಳಿಡಲಾಗುವುದಿಲ್ಲ. ನಮ್ಮಲ್ಲಿ ವೋಲ್ಟೇಜು 230ರಿಂದ 260ಕ್ಕೆ ಏರಿದಾಗ ಆ ಶಾಖ ನಾಲ್ಕನೇ ಒಂದು ಭಾಗಕ್ಕಿಂತಲೂ ಹೆಚ್ಚಾಗುತ್ತದೆ, ಏಕೆಂದರೆ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ರಿಪೇರಿಗೆ ಬಂದಾಗ ಸತ್ತದ್ದು ಕೆಪಾಸಿಟರ್ ನಿಜ. ಕೊಂದದ್ದು ರೆಸಿಸ್ಟರಿನ ಬಿಸಿ. ಕೊಂದದ್ದು ಮಾತ್ರ ಪ್ರತಿಸಲವೂ ತನ್ನ ಜಾಗದಲ್ಲೇ ಉಳಿದುಕೊಂಡಿತ್ತು.

ಮಿತ್ರರು ಮಾಡಿದ ದುರಸ್ತಿಯನ್ನು ಕ್ರಮವಾಗಿ ಹೇಳುತ್ತೇನೆ. ಹೆಚ್ಚು ವ್ಯಾಟಿನ, ಅಷ್ಟೇ ಓಮಿನ ಹೊಸ ರೆಸಿಸ್ಟರನ್ನು ಬೋರ್ಡಿಗೆ ಅಂಟಿಸದೆ, ಉದ್ದ ಕಾಲುಗಳ ಮೇಲೆ ಎತ್ತರಿಸಿ ನಿಲ್ಲಿಸಿದರು. ಈಗ ಅದರ ಸುತ್ತ ಗಾಳಿ ಆಡುತ್ತದೆ. 85 ಡಿಗ್ರಿಯದರ ಬದಲು 105 ಡಿಗ್ರಿ ಎಂದು ಅಚ್ಚಾದ ಹೊಸ ಕೆಪಾಸಿಟರನ್ನು, ಕೂಡುಗಳ ಗುರುತು ತಪ್ಪದಂತೆ, ರೆಸಿಸ್ಟರಿನಿಂದ ದೂರಕ್ಕೆ ವಾಲಿಸಿ ಕೂರಿಸಿದರು. ಭೂತಗನ್ನಡಿಯಲ್ಲಿ ಬೆಸುಗೆಗಳನ್ನೆಲ್ಲ ನೋಡಿದರು. ಬಿಸಿಯಾಗಿ ಹಿಗ್ಗುವುದು, ತಣಿದು ಕುಗ್ಗುವುದು, ಹೀಗೆ ಸಾವಿರಾರು ಸಲ ಆದಾಗ ಬೆಸುಗೆಯ ಸುತ್ತ ಉಂಗುರದಂಥ ಸೀಳು ಬೀಳುತ್ತದೆ. ಅಂಥವು ಎರಡು ಸಿಕ್ಕಿದವು. ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹಾಕಿದರು. ಭಾಗಗಳು ಅಲುಗದಿರಲೆಂದು ಕಾರ್ಖಾನೆಗಳಲ್ಲಿ ಹಾಕುವ ಒಂದು ಬಗೆಯ ಅಂಟಿದೆ. ಬಿಸಿಗೆ ಅದು ಕಂದು ಬಣ್ಣಕ್ಕೆ ತಿರುಗಿದರೆ ವಿದ್ಯುತ್ತನ್ನು ಸೋರಲು ಬಿಡುತ್ತದೆ, ಕಾಲುಗಳನ್ನೂ ತಿನ್ನುತ್ತದೆ. ಅಂಥ ಅಂಟು ಕಂಡರೆ ಮೆಲ್ಲನೆ ಕೆರೆದು ತೆಗೆಯಬೇಕು ಎಂದು ಅವರು ಹೇಳಿದರು.

ಇನ್ನೊಂದು ಭಾಗವನ್ನು ಅವರು ಪರೀಕ್ಷೆಯನ್ನೂ ಮಾಡದೆ ಕಿತ್ತು ಹಾಕಿದರು. ಮೇನ್ಸಿನ ಎರಡು ತಂತಿಗಳ ನಡುವೆ ಗದ್ದಲ ಸೋಸಲು ಇರುವ ಚೌಕಾಕಾರದ ಕೆಪಾಸಿಟರ್ ಅದು. ಆ ಕಾಲದ ಕೆಲವು ಬಗೆಗಳಲ್ಲಿ ಒಳಗೆ ಲೋಹ ಲೇಪಿಸಿದ ಕಾಗದ, ಹೊರಗೆ ಗಾಜಿನಂತೆ ಹೊಳೆಯುವ ಎಪಾಕ್ಸಿ. ವರ್ಷಗಳು ಕಳೆದಂತೆ ಹೊರಗಿನ ಎಪಾಕ್ಸಿ ಬಿರುಕು ಬಿಟ್ಟು ಒಳಗಿನ ಕಾಗದ ತೇವವನ್ನು ಹೀರುತ್ತದೆ. ದೀರ್ಘಕಾಲದ ಮೇಲೆ ವಿದ್ಯುತ್ ಕೊಟ್ಟಾಗ ಕೆಲವು ನಿಮಿಷಗಳಲ್ಲಿ ಸಿಡಿದು, ಕೋಣೆಯ ತುಂಬ ಕೆಟ್ಟ ವಾಸನೆಯ ಹೊಗೆ ತುಂಬುತ್ತದೆ. ‘ಒಂದು ಸಲ ಹಾಕಿ ನೋಡೋಣ’ ಎಂದವರಿಗೆ ಸಾಮಾನ್ಯವಾಗಿ ಕಾದಿರುವುದು ಇದೇ. ನಲವತ್ತು ವರ್ಷ ಕಳೆದ ವಸ್ತುವಿನ ಮೇಲೆ ದೂರು ಹೇಳುವಂತಿಲ್ಲ. ಆದರೆ ಬದಲಿಯಾಗಿ ಹಾಕುವಾಗ ಎಕ್ಸ್-2 ಎಂದು ಗುರುತಿರುವ ಸುರಕ್ಷಾ ದರ್ಜೆಯ ಕೆಪಾಸಿಟರನ್ನೇ ಹಾಕಬೇಕು. ಮೇನ್ಸಿಗೂ ನೆಲಕ್ಕೂ ನಡುವೆ ಇರುವುದಾದರೆ ವೈ ದರ್ಜೆಯದು ಬೇಕು. ಬೆಲೆಯ ವ್ಯತ್ಯಾಸ ಕೆಲವು ರೂಪಾಯಿ. ಒಂದು ಕೆಟ್ಟರೆ ಬೆಂಕಿ, ಇನ್ನೊಂದು ಕೆಟ್ಟರೆ ಮುಟ್ಟಿದವರಿಗೆ ಷಾಕು.

ನೆಲದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನಮ್ಮಲ್ಲಿ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಕೆಲಸ ನಡೆಸುವ ರೂಢಿಯಿದೆ. ಕಂಪ್ಯೂಟರಿನ ಲೋಹದ ಭಾಗ ಮುಟ್ಟಿದಾಗ ‘ಜುಂ’ ಎನ್ನುವುದು ಅದರಿಂದಲೇ. ನೆಲದ ತಂತಿ ಇಲ್ಲದಿದ್ದರೆ ಆ ವೈ ಕೆಪಾಸಿಟರುಗಳ ಮೂಲಕ ಪೆಟ್ಟಿಗೆಯು ಮೇನ್ಸಿನ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಜುಂ ಎಂದು ಬಿಡುತ್ತದೆ ಅಷ್ಟೆ. ಒಳಗೆ ಏನಾದರೂ ಕೆಟ್ಟ ದಿನ ಅಷ್ಟಕ್ಕೇ ಬಿಡುವುದಿಲ್ಲ. ಹಾಗೆಯೇ ಫ್ಯೂಸ್ ಹೋದಾಗ ತಂತಿ ಸುತ್ತಿ ಕೂರಿಸುವುದೂ ಬೇಡ. ಫ್ಯೂಸ್ ಹೋದದ್ದು ಏನನ್ನೋ ಹೇಳಲು. ತಂತಿ ಸುತ್ತಿದರೆ ಅದರ ಬಾಯಿ ಕಟ್ಟಿದಂತೆ.

ಪರೀಕ್ಷೆಗೆ ಮಿತ್ರರು ಬಳಸಿದ್ದು ನಮ್ಮ ರಿಪೇರಿಯವರಿಗೆಲ್ಲ ಗೊತ್ತಿರುವ ಸೀರೀಸ್ ಬಲ್ಬು. 60 ವ್ಯಾಟಿನ ಹಳೆಯ ತಂತಿ ಬಲ್ಬಿನ ಮೂಲಕ ಹಾದು ಪವರ್ ಸಪ್ಲೈಗೆ ವಿದ್ಯುತ್ ಹೋಗುತ್ತದೆ. ಒಳಗೆ ಷಾರ್ಟ್ ಇದ್ದರೆ ಬಲ್ಬು ಜಗ್ಗನೆ ಉರಿದು ಹಾಗೆಯೇ ಉಳಿಯುತ್ತದೆ, ಬೋರ್ಡು ಬದುಕಿಕೊಳ್ಳುತ್ತದೆ. ಒಂದು ಕ್ಷಣ ಮಿಂಚಿ ಮಂಕಾದರೆ ಒಳ್ಳೆಯ ಸೂಚನೆ. ಈ ಕೆಲಸಕ್ಕೆ ಎಲ್.ಇ.ಡಿ. ಬಲ್ಬು ಆಗುವುದಿಲ್ಲ. ತಂತಿ ಬಲ್ಬು ಅಂಗಡಿಗಳಲ್ಲಿ ಅಪರೂಪವಾಗುತ್ತಿದೆ, ಸಿಕ್ಕಿದರೆ ಒಂದನ್ನು ತೆಗೆದಿಡಿ. 5 ವೋಲ್ಟಿನ ಕಡೆಗೆ ಕಂಪ್ಯೂಟರಿನ ಬದಲು 5 ಓಮಿನ, 10 ವ್ಯಾಟಿನ ರೆಸಿಸ್ಟರನ್ನು ಕಟ್ಟಿದರು. ಒಂದು ಆಂಪಿಯರ್ ಹರಿಯುತ್ತದೆ, ಪವರ್ ಸಪ್ಲೈಗೆ ಹೊರೆ ಸಿಗುತ್ತದೆ. ಬಲ್ಬು ಮಿಂಚಿ ಮಂಕಾಯಿತು. ಮೀಟರ್ 5.04 ತೋರಿಸಿತು. ಮಿತ್ರರು ಅಲ್ಲಿಗೆ ನಿಲ್ಲಿಸಲಿಲ್ಲ. ಒಂದು ಗಂಟೆ ಹಾಗೆಯೇ ಬಿಟ್ಟು, ಕಾದ ಮೇಲೂ ಅಂಕಿ ಅಲುಗದೆ ಇದೆಯೇ ಎಂದು ನೋಡಿದರು. ಶಾಖದಿಂದ ಹುಟ್ಟಿದ ದೋಷವನ್ನು ತಣ್ಣಗಿರುವಾಗ ಪರೀಕ್ಷಿಸಿ ಪ್ರಯೋಜನವಿಲ್ಲ ಎಂಬುದು ಅವರ ಮಾತು.

ಆಮೇಲೆ ಯಂತ್ರಕ್ಕೆ ಜೋಡಿಸಿದರು. ಬಿಬಿಸಿ ಮೈಕ್ರೋ ಎಚ್ಚರವಾದಾಗ ಮೊದಲು ತಗ್ಗಿನ, ಬಳಿಕ ಏರಿನ ಎರಡು ದನಿ ಮಾಡುತ್ತದೆ. ಆ ದನಿ ಕೇಳಿಸಿತು. ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32 ಕೆ’ ಎಂಬ ಸಾಲು ಬಂತು. ಡಬ್ಬಿಯ ಕ್ಯಾಸೆಟ್ಟುಗಳಲ್ಲಿ ಹಲವು ಬೂಷ್ಟು ಹಿಡಿದು ಓದಲಾಗದಂತಿದ್ದವು. ಮಗ್ಗಿಯ ಕ್ಯಾಸೆಟ್ಟು ಮೂರನೆಯ ಯತ್ನದಲ್ಲಿ ಓದಿಸಿಕೊಂಡಿತು. ‘ಎರಡು ಒಂದಲ ಎರಡು’ ಎಂದು ಚೌಕ ಚೌಕದ ಅಕ್ಷರಗಳು ಮೂಡಿದವು. ‘ಒತ್ತಕ್ಷರಕ್ಕೆ ಎಂಟು ಚುಕ್ಕೆ ಸಾಲುತ್ತಿರಲಿಲ್ಲ. ಅದಕ್ಕೇ ಕೆಳಗಿನ ಮನೆಯನ್ನೂ ತೆಗೆದುಕೊಂಡೆ, ನೋಡಿ’ ಎಂದು ಮೇಷ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಆ ದಿನವೇ ಆ ಪ್ರೋಗ್ರಾಮನ್ನು ಈಗಿನ ಕಂಪ್ಯೂಟರಿಗೆ ನಕಲು ಮಾಡಿಕೊಂಡೆವು.

ನಕಲು ಮಾಡಿಕೊಳ್ಳುವುದು ಏಕೆ ಮುಖ್ಯವೆಂಬುದಕ್ಕೆ ಇದೇ ಯಂತ್ರದ ಮನೆತನದಲ್ಲಿ ದೊಡ್ಡ ನಿದರ್ಶನವಿದೆ. 1086ರಲ್ಲಿ ಇಂಗ್ಲೆಂಡಿನಲ್ಲಿ ಡೂಮ್ಸ್‌ಡೇ ಪುಸ್ತಕವೆಂಬ ಭೂಮಿ, ಆಸ್ತಿಗಳ ದಾಖಲೆಯಾಯಿತು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಮತ್ತಿತರ ಸಂಸ್ಥೆಗಳು ಲಕ್ಷಾಂತರ ಜನರಿಂದ, ಬಹುಪಾಲು ಶಾಲಾ ಮಕ್ಕಳಿಂದ, ತಮ್ಮ ತಮ್ಮ ಊರಿನ ವಿವರ ಬರೆಸಿ ಲೇಸರ್ ತಟ್ಟೆಗಳಲ್ಲಿ ತುಂಬಿದವು. ಅದನ್ನು ಓದಲು ಬಿಬಿಸಿ ಮೈಕ್ರೋದ ಮುಂದಿನ ಪೀಳಿಗೆಯ ಯಂತ್ರ ಬೇಕಿತ್ತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಓದುವ ಸಾಧನಗಳೇ ವಿರಳವಾದವು. 2002ರಲ್ಲಿ ಇಂಗ್ಲೆಂಡಿನ ಲೀಡ್ಸ್ ಮತ್ತು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಗಳ ತಂಡ ಆ ಹಳೆಯ ಯಂತ್ರದಂತೆ ನಡೆಯುವ ತಂತ್ರಾಂಶವನ್ನು ಸಿದ್ಧಪಡಿಸಿ ಅದನ್ನು ಮತ್ತೆ ಓದುವಂತೆ ಮಾಡಿ ತೋರಿಸಿತು. 1086ರ ಚರ್ಮದ ಹಾಳೆಗಳನ್ನು ಇಂದಿಗೂ ಕಣ್ಣಿನಿಂದಲೇ ಓದಬಹುದು!

ಇದೆಲ್ಲ ಹಳೆಯ ಯಂತ್ರದ ಕಥೆಯಾಯಿತು, ನಮಗೇನು ಎಂದು ನೀವು ಕೇಳಬಹುದು. 1999ರಿಂದ 2007ರವರೆಗಿನ ಅವಧಿಯಲ್ಲಿ ತಯಾರಾದ ಬಹಳಷ್ಟು ಕಂಪ್ಯೂಟರುಗಳಲ್ಲಿ ಒಳದ್ರವದ ದೋಷದಿಂದಾಗಿ ಕೆಪಾಸಿಟರುಗಳು ಅಕಾಲದಲ್ಲೇ ತಲೆ ಉಬ್ಬಿಸಿಕೊಂಡು ಸೋರಿದವು. ನಿಮ್ಮ ಮನೆಯ ಮೂಲೆಯಲ್ಲೂ ಅಂಥದೊಂದಿರಬಹುದು, ಅದರ ಡಿಸ್ಕಿನಲ್ಲಿ ಮಗುವಿನ ನಾಮಕರಣದ ಚಿತ್ರಗಳೂ ಇರಬಹುದು. ಈಗ ಓಡುತ್ತಿರುವ ಕಂಪ್ಯೂಟರಿನ ಮಟ್ಟಿಗೂ ಲೆಕ್ಕ ಅದೇ. ಫ್ಯಾನಿನ ಜಾಲರಿಗೆ ಧೂಳು ಕಟ್ಟಿ ಒಳಗಿನ ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರುಗಳ ಆಯುಸ್ಸು ಅರ್ಧವಾಗುತ್ತದೆ. ಆರು ತಿಂಗಳಿಗೊಮ್ಮೆ, ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್ಷಿನಿಂದ ಹೊರಗಿನ ಜಾಲರಿಯನ್ನು ಶುಚಿ ಮಾಡಲು ಖರ್ಚೇನೂ ಇಲ್ಲ. ಹಿಂಬದಿಯನ್ನು ಗೋಡೆಗೆ ಒತ್ತದೆ ಒಂದು ಗೇಣು ಬಿಟ್ಟಿಡಿ.

ಬಿಡಿಭಾಗ ಕೊಳ್ಳಲು ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಅಲ್ಲಿ ಕೊಳ್ಳುವಾಗ ಮೈಕ್ರೋಫ್ಯಾರಡ್, ವೋಲ್ಟ್ ಎರಡನ್ನು ಮಾತ್ರ ಹೇಳದೆ, ಡಬ್ಬಿಯ ಮೇಲೆ ಅಚ್ಚಾದ ಉಷ್ಣತೆಯನ್ನೂ ಓದಿ ನೋಡಿ ತನ್ನಿ. ಬಹಳ ವರ್ಷ ಅಂಗಡಿಯಲ್ಲೇ ಕುಳಿತ ಕೆಪಾಸಿಟರ್ ಬಳಸದೆಯೂ ಸೊರಗುತ್ತದೆಂಬುದು ನೆನಪಿರಲಿ. ದುರಸ್ತಿ ಸಾಧ್ಯವೇ ಇಲ್ಲವೆಂದಾದರೆ ಬೋರ್ಡನ್ನು ಕಸದ ಬುಟ್ಟಿಗೆ ಹಾಕಬೇಡಿ. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ವಿದ್ಯುನ್ಮಾನ ತ್ಯಾಜ್ಯವನ್ನು ಪಡೆಯುವ ಅಧಿಕೃತ ಕೇಂದ್ರಕ್ಕೇ ಕೊಡಿ.

ಮುಂದಿನ ಸಲ ನಿಮ್ಮ ಯಾವುದೇ ಉಪಕರಣವನ್ನು ರಿಪೇರಿಗೆ ಕೊಟ್ಟಾಗ, ಅಂಗಡಿಯವರು ‘ಇದು ಸುಟ್ಟಿತ್ತು’ ಎಂದು ಒಂದು ಭಾಗವನ್ನು ನಿಮ್ಮ ಅಂಗೈಯಲ್ಲಿಟ್ಟರೆ, ದಯವಿಟ್ಟು ಇನ್ನೊಂದು ಪ್ರಶ್ನೆ ಕೇಳಿ: ‘ಇದರ ಪಕ್ಕದಲ್ಲಿ ಕಾಯುತ್ತಿದ್ದದ್ದು ಯಾವುದು, ನೋಡಿದಿರಾ?’ ಒಳ್ಳೆಯ ಕೆಲಸಗಾರರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ, ಬೋರ್ಡನ್ನು ತಿರುಗಿಸಿ ತೋರಿಸುತ್ತಾರೆ.